ಮೈಭಾರದವರ ಬೈಸಿಕಲ್ಲು

ದಪ್ಪ ಮನುಷ್ಯ ಸೈಕಲ್ಲು ಹತ್ತಿದರೆ ಬೀದಿಯ ಹುಡುಗರಿಗೆ ನಗು; ಹತ್ತಿದವನಿಗೆ ಎದೆಯಲ್ಲಿ ಅಳುಕು. ನನ್ನ ತೂಕ 104 ಕಿಲೋ. ಮನೆ ದಾವಣಗೆರೆಯಲ್ಲಿ, ಪಾಠ ಹೇಳುವುದು ಹರಿಹರದಲ್ಲಿ; ನಡುವೆ ಹಳೆಯ ಪಿ.ಬಿ. ರಸ್ತೆ, ಸುಮಾರು 14 ಕಿಲೋಮೀಟರು. ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಎಚ್ಚರಿಸಿದರು. ಬೆಣ್ಣೆದೋಸೆಯ ಊರಿನಲ್ಲಿದ್ದುಕೊಂಡು ನಾಲಗೆಯನ್ನು ಪೂರ್ತಿ ಕಟ್ಟಲಾರೆ, ಕಾಲನ್ನಾದರೂ ಆಡಿಸೋಣವೆಂದು ಬೈಸಿಕಲ್ಲು ಕೊಂಡೆ. ಗೇರಿನದು, ಮುಂದೆ ಸ್ಪ್ರಿಂಗಿನ ಫೋರ್ಕು, ನೋಡಲು ಬಲು ಚೆಂದ. ಎರಡನೆಯ ತಿಂಗಳಿಂದ ಹಿಂದಿನ ಗಾಲಿಯ ಕಡ್ಡಿಗಳು ಮುರಿಯತೊಡಗಿದವು. ಮೂರನೆಯದು ಮುರಿದ ಸಂಜೆ ರಿಮ್ಮು ಸೊಟ್ಟಗಾಗಿ ಬ್ರೇಕಿಗೆ ಸಿಕ್ಕಿಕೊಂಡಿತು. ಹಿಂದೆ ಲಾರಿ ಬರುತ್ತಿತ್ತು. ಬದುಕಿದ್ದು ಪುಣ್ಯ.

ಭಾರದ ಸವಾರನಿಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಫ್ರೇಮಲ್ಲ, ಹಿಂದಿನ ಗಾಲಿ. ನಮ್ಮ ಪಂಡಿತರ ಮಾತಿನಲ್ಲಿ ನಾಭಿ, ಅರ, ನೇಮಿ. ಅಂಗಡಿಯಲ್ಲಿ ಹಬ್ಬು, ಕಡ್ಡಿ, ರಿಮ್ಮು. ನೆಟ್ಟಗೆ ಕುಳಿತವನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿನ ಗಾಲಿಯ ಮೇಲೆಯೇ ಬೀಳುತ್ತದೆ. ಗಾಲಿ ಸುತ್ತಿದಂತೆಲ್ಲ ನೆಲದ ಕಡೆಗೆ ಬಂದ ಕಡ್ಡಿ ಕೊಂಚ ಸಡಿಲಗೊಂಡು, ಮೇಲೇರಿದಾಗ ಮತ್ತೆ ಬಿಗಿಯುತ್ತದೆ. ಮೊದಲೇ ಬಿಗಿ ಸಾಲದಿದ್ದರೆ ಹಬ್ಬಿನ ಹತ್ತಿರದ ಬಾಗಿನಲ್ಲಿ ಅಲುಗಾಡಿ, ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದಂತೆ ದಣಿದು ಮುರಿಯುತ್ತದೆ.

ಆದ್ದರಿಂದ ಬಣ್ಣ ನೋಡುವ ಮೊದಲು ಕಡ್ಡಿ ಎಣಿಸಿ. ಹಳೆಯ ಮಾದರಿಯ 28 ಅಂಗುಲದ ಕರಿಯ ಸೈಕಲ್ಲಿಗೆ ಮುಂದೆ 32, ಹಿಂದೆ 40. ಹೊಸ ಮಾದರಿಯೇ ಬೇಕೆಂದರೆ ಹಿಂದೆ 36ಕ್ಕಿಂತ ಕಡಿಮೆ ಬೇಡ. ಆಮೇಲೆ ವೀಣೆಯ ತಂತಿಯಂತೆ ಒಂದೊಂದನ್ನೂ ಬೆರಳಿನಿಂದ ಮೀಟಿ. ರೇಡಿಯೋ ಕೇಳಿ ಪಳಗಿದ ಕಿವಿ ನಿಮ್ಮದು; ಒಂದೇ ಬದಿಯ ಕಡ್ಡಿಗಳು ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ನುಡಿಯಬೇಕು. ಮಂಕಾಗಿ ನುಡಿದದ್ದು ಸಡಿಲ. ಇದನ್ನು ನನಗೆ ಕಲಿಸಿದವರು ಹರಿಹರದ ಒಬ್ಬ ವೃದ್ಧ ಮಿಸ್ತ್ರಿ. "ಹೊಸಾ ಗಾಲಿ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಒಂದ್ಸಲ ಬೆಂಡ್ ತೆಗೆಸ್ರಿ ಮೇಷ್ಟ್ರೇ, ಆಗ ಕಡ್ಡಿ ಕುಂತ್ಕಂತಾವೆ" ಎಂದರು. ಕೊಡುವಾಗ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಟೈರು ಅಗಲವಿರಲಿ, ಗಾಳಿ ತುಂಬಿರಲಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮೇಲ್ಮಿತಿಯ ಹತ್ತಿರಕ್ಕೆ ಹಿಂದಿನದನ್ನು ಹೊಡೆಸಿ. ಗಾಳಿ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಅಗ್ಗದ ಸ್ಪ್ರಿಂಗ್ ಫೋರ್ಕು ನಮ್ಮಂಥವರಿಗೆ ಬೇಡವೇ ಬೇಡ. ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ತಯಾರಕರು ಹೇಳುವ ಭಾರದ ಮಿತಿಯಲ್ಲಿ ಸವಾರನ ಜೊತೆಗೆ ಚೀಲವೂ ಸೇರಿದೆಯೇ ಎಂದು ಕೇಳಿಕೊಳ್ಳಿ.

ನಾನು ಕೊನೆಗೆ ಆರಿಸಿದ್ದು ಮೂಟೆ ಹೊರುವವರ ಡಬಲ್ ಬಾರಿನ ಕರಿಯ ಸೈಕಲ್ಲನ್ನು. ಸೀಟಿನಡಿ ದಪ್ಪ ಸುರುಳಿ ಸ್ಪ್ರಿಂಗು. ತೂಕ ಹೆಚ್ಚು, ಗೇರಿಲ್ಲ. ಆದರೆ ಈ ದಾರಿಯಲ್ಲಿ ದೊಡ್ಡ ಏರೂ ಇಲ್ಲ. ಅದರ ದೋಷ ಎರಡು. ಪೆಡಲಿನ ಮೇಲೆ ಎದ್ದು ನಿಂತು ತುಳಿದರೆ ಕಾಟರ್ ಪಿನ್ನು ಸವೆದು ಟಕಟಕ ಎನ್ನುತ್ತದೆ; ಸದ್ದು ಬಂದ ದಿನವೇ ಬದಲಾಯಿಸಬೇಕು. ಇನ್ನೊಂದು ಗಂಭೀರವಾದದ್ದು: ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಜಾರುತ್ತದೆ, ಭಾರದವನು ನಿಲ್ಲುವುದು ಇನ್ನೂ ತಡ. ಅಲ್ಯುಮಿನಿಯಂ ರಿಮ್ಮು ಈ ವಿಷಯದಲ್ಲಿ ಮೇಲು. ಜೋರು ಮಳೆಯ ದಿನ ನಾನು ಬಸ್ಸಿಗೇ ಹೋಗುತ್ತೇನೆ.

ಆರು ತಿಂಗಳಿಗೊಮ್ಮೆ ಬೆಂಡು ತೆಗೆಸುತ್ತೇನೆ. ಎರಡು ವರ್ಷಗಳಲ್ಲಿ ಮುರಿದದ್ದು ಒಂದೇ ಕಡ್ಡಿ, ಅದೂ ಮನೆಯ ಮುಂದೆ.