ತಂತ್ರಾಂಶಕ್ಕೊಂದು ತಡೆ

ಹೊಸದೆಲ್ಲವೂ ಒಳ್ಳೆಯದೇ ಎಂದು ನಂಬುವವರುಂಟು. ಗಣಕದ ವಿಷಯದಲ್ಲಿ ಈ ನಂಬಿಕೆ ಎಲ್ಲ ವೇಳೆಯಲ್ಲಿಯೂ ಸಲ್ಲದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ನೀವು ಬಳಸುತ್ತಿರಬಹುದು. ಅದರಲ್ಲಿ ತಂತ್ರಾಂಶಗಳು ಪ್ಯಾಕೇಜುಗಳಾಗಿ, ಎಂದರೆ ಕಟ್ಟುಕಟ್ಟಾಗಿ ಬರುತ್ತವೆ. ‘ಆಪ್ಟ್ ಅಪ್‌ಗ್ರೇಡ್’ ಎಂದು ಆಜ್ಞೆಯಿತ್ತರೆ ಹೊಸ ಆವೃತ್ತಿ ಬಂದಿರುವ ಕಟ್ಟುಗಳು ಸಾಮಾನ್ಯವಾಗಿ ಒಟ್ಟಿಗೇ ಬದಲಾಗುತ್ತವೆ.

ತೆರೆಯ ಮೇಲೆ ಚಿತ್ರ ಮೂಡಿಸುವ ಡ್ರೈವರನ್ನು ಬೇರೆಡೆಯಿಂದ ತಂದು ಹಾಕಿದ್ದೀರೆನ್ನಿ. ಅದು ಈಗಿರುವ ಕರ್ನೆಲಿಗಷ್ಟೇ ಹೊಂದಿದ್ದರೆ, ಕರ್ನೆಲ್ ಬದಲಾದ ಮೇಲೆ ತೆರೆ ಕಪ್ಪಾದೀತು. ಆದ್ದರಿಂದ, ನಿರ್ವಾಹಕನ ಅಧಿಕಾರದಿಂದ ‘ಆಪ್ಟ್-ಮಾರ್ಕ್ ಹೋಲ್ಡ್’ ಎಂದು ಬರೆದು ಮುಂದೆ ಆ ಪ್ಯಾಕೇಜಿನ ಹೆಸರಿಡಿ. 64 ಬಿಟ್ಟಿನ ಸಾಧಾರಣ ಗಣಕಗಳಲ್ಲಿ ಅದು ‘ಲಿನಕ್ಸ್-ಇಮೇಜ್-ಎಎಂಡಿ64’. ಹೋಲ್ಡ್ ಎಂಬುದಕ್ಕೆ ನಮ್ಮ ‘ಸ್ತಂಭನ’ವೇ ತಕ್ಕ ಮಾತೆಂದು ನನಗೆ ತೋರುತ್ತದೆ. ಉಳಿದವು ಮುಂದೆ ಸಾಗುತ್ತವೆ. ಇದು ಇದ್ದಲ್ಲಿಯೇ ನಿಲ್ಲುತ್ತದೆ. ಇದರ ಹೊಸ ರೂಪವನ್ನೇ ಬೇಡುವ ಬೇರೊಂದು ಕಟ್ಟಿದ್ದರೆ ಅದೂ ಹಿಂದುಳಿಯುವುದು.

ಆದರೆ ಈ ತಡೆಗೆ ವಿವೇಚನೆಯಿಲ್ಲ. ಕಳ್ಳರು ನುಸುಳುವ ಕಿಂಡಿಯನ್ನು ಮುಚ್ಚುವ ತಿದ್ದುಪಡಿಗಳೂ ಬಾಗಿಲಲ್ಲೇ ನಿಲ್ಲುತ್ತವೆ. ಕರ್ನೆಲನ್ನು ತಡೆದು ಮರೆತರೆ ಅಪಾಯ ದಿನೇ ದಿನೇ ಬೆಳೆಯುತ್ತದೆ. ಆಗಾಗ ‘ಆಪ್ಟ್-ಮಾರ್ಕ್ ಷೋಹೋಲ್ಡ್’ ಎಂದು ಕೇಳಿ. ತಡೆದವುಗಳ ಪಟ್ಟಿ ಕಾಣುವುದು. ಹೊಸ ಕರ್ನೆಲಿಗೆ ಒಪ್ಪುವ ಡ್ರೈವರು ದೊರೆತೊಡನೆ, ಮೊದಲಿನ ಆಜ್ಞೆಯಲ್ಲಿ ‘ಹೋಲ್ಡ್’ ಇದ್ದೆಡೆ ‘ಅನ್‌ಹೋಲ್ಡ್’ ಎಂದು ಬರೆದು ಬಿಡುಗಡೆ ಮಾಡಿ.