ಉಂಡ ರೊಟ್ಟಿ, ಕಟ್ಟಿಸಿಕೊಂಡ ರೊಟ್ಟಿ



ನಮ್ಮ ನುಡಿಯ ಒಂದು ಸೂಕ್ಷ್ಮವನ್ನು ಮೊದಲು ಗಮನಿಸೋಣ. ಖಾನಾವಳಿಗೆ ಹೋಗಿ ಬಂದವನು ‘ಊಟ ಮಾಡಿ ಬಂದೆ’ ಎನ್ನುತ್ತಾನೆಯೇ ಹೊರತು ‘ಊಟ ಕೊಂಡು ಬಂದೆ’ ಎನ್ನುವುದಿಲ್ಲ. ಅದೇ ಮನುಷ್ಯ ಹತ್ತು ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದರೆ ‘ರೊಟ್ಟಿ ಕೊಂಡು ತಂದೆ’ ಎನ್ನಲು ಹಿಂಜರಿಯುವುದಿಲ್ಲ. ಬಡಿಸುವುದು ಬೇರೆ, ಮಾರುವುದು ಬೇರೆ ಎಂಬ ಈ ವಿವೇಕ ಜನರ ಬಾಯಲ್ಲಿ ಹುಟ್ಟಿದ್ದು. ಕನ್ನಡ ಕಲಿಸುತ್ತ ಆಯುಷ್ಯ ಕಳೆದ ನನಗೆ ಕೌತುಕವೆನಿಸುವ ಸಂಗತಿಯೆಂದರೆ, ಇದೇ ಭೇದ ನಮ್ಮ ದೇಶದ ತೆರಿಗೆ ಕಾನೂನನ್ನು ಬಹುಕಾಲ ಕಾಡಿತು. ಇಂದಿಗೂ ಹುಬ್ಬಳ್ಳಿ-ಧಾರವಾಡದ ಖಾನಾವಳಿಗಳ ಮತ್ತು ರೊಟ್ಟಿ ಬಡಿಯುವ ತಾಯಂದಿರ ಬದುಕಿಗೆ ತಗುಲಿಕೊಂಡಿದೆ.

ಸರಕಿನ ಮಾರಾಟದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೆ ಕೊಟ್ಟಿತ್ತು. ಹಾಗಾದರೆ ಹೋಟೆಲಿನಲ್ಲಿ ಬಡಿಸಿದ ಅನ್ನ ಮಾರಾಟವೇ? ಹೋಟೆಲಿನಲ್ಲಿ ತಂಗಿದ ಅತಿಥಿಗೆ ಕೊಡುವ ಊಟ ಮಾರಾಟವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಹೇಳಿತು. 1978ರಲ್ಲಿ ನಾರ್ದರ್ನ್ ಇಂಡಿಯಾ ಕೇಟರರ್ಸ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಗಿನಿಂದ ಬಂದು ಉಂಡು ಹೋಗುವವನಿಗೂ ಇದೇ ನ್ಯಾಯವೆಂದಿತು. ಅತಿಥಿಯ ಹಸಿವನ್ನು ತಣಿಸುವುದು ಸೇವೆ. ತಟ್ಟೆಯಲ್ಲಿ ಉಳಿದುದನ್ನು ಒಯ್ಯುವ ಹಕ್ಕು ಅವನಿಗಿಲ್ಲ. ಆದ್ದರಿಂದ ಅದು ಅವನ ಸ್ವತ್ತಾಗಲಿಲ್ಲ ಎಂಬುದು ವಾದದ ತಿರುಳು. ಆಹಾರದ ಮಾರಾಟವೇ ಪ್ರಧಾನವಾಗಿದ್ದು ಉಪಚಾರ ಗೌಣವಾಗಿರುವಲ್ಲಿ ತೆರಿಗೆ ಸಲ್ಲುತ್ತದೆಂದು 1980ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಅಂದರೆ ಕಟ್ಟಿಸಿಕೊಂಡ ರೊಟ್ಟಿಗೆ ತೆರಿಗೆ, ಕುಳಿತು ಉಂಡ ರೊಟ್ಟಿಗೆ ವಿನಾಯಿತಿ ಎಂಬ ಸ್ಥಿತಿ ಒದಗಿತು.

ರಾಜ್ಯಗಳ ಬೊಕ್ಕಸಕ್ಕೆ ಇದು ಸಹ್ಯವಾಗಲಿಲ್ಲ. ಸಂವಿಧಾನದ 46ನೆಯ ತಿದ್ದುಪಡಿಯು 1983ರ ಫೆಬ್ರುವರಿ 2ರಿಂದ ಜಾರಿಗೆ ಬಂದು, ಸೇವೆಯ ರೂಪದಲ್ಲಿ ಅಥವಾ ಸೇವೆಯ ಅಂಗವಾಗಿ ಕೊಟ್ಟ ಆಹಾರವನ್ನೂ ಮಾರಾಟವೆಂದೇ ಎಣಿಸಬೇಕೆಂದು ವಿಧಿಸಿತು. ಆದರೆ ಬಡಿಸುವುದರಲ್ಲಿ ಸೇವೆ ಇದೆಯೆಂಬ ಮಾತು ಸುಲಭವಾಗಿ ಸಾಯಲಿಲ್ಲ. 2011ರ ಮೇ 1ರಿಂದ ಕೇಂದ್ರ ಸರಕಾರವು ಮದ್ಯದ ಪರವಾನಗಿಯುಳ್ಳ ಹವಾನಿಯಂತ್ರಿತ ಉಪಾಹಾರಗೃಹಗಳ ಮೇಲೆ ಸೇವಾ ತೆರಿಗೆ ಹಾಕಿತು. 2013ರಲ್ಲಿ ಮದ್ಯದ ಷರತ್ತನ್ನು ತೆಗೆದುಹಾಕಿತು. ಆಗ ಹಳೆಯ ಪ್ರಶ್ನೆ ತಲೆಕೆಳಗಾಗಿ ಎದ್ದು ನಿಂತಿತು. ಪಾರ್ಸೆಲ್ ಒಯ್ಯುವವನಿಗೆ ಕುರ್ಚಿ ಇಲ್ಲ, ಬಡಿಸುವವನಿಲ್ಲ, ತಣ್ಣನೆಯ ಗಾಳಿಯೂ ಇಲ್ಲ. ಅವನಿಂದ ಸೇವಾ ತೆರಿಗೆ ಏಕೆ? ಆ ಕಾಲದ ಪಾರ್ಸೆಲ್‌ಗೆ ಸೇವಾ ತೆರಿಗೆ ಸಲ್ಲದೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಈ ಭೇದ ಇಂದಿಗೂ ಜೀವಂತವಾಗಿದೆ: ತಣ್ಣನೆಯ ಸ್ಯಾಂಡ್‌ವಿಚ್ಚನ್ನು ಒಯ್ದರೆ ತೆರಿಗೆಯಿಲ್ಲ, ಅಲ್ಲೇ ಕುಳಿತು ತಿಂದರೆ ಶೇಕಡಾ 20.

2017ರ ಜುಲೈ 1ರಂದು ಬಂದ ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿ.ಎಸ್.ಟಿ., ನಮ್ಮಲ್ಲಿ ಈ ಜಗಳವನ್ನು ಮುಗಿಸಿತು. ಹೋಟೆಲು, ಮೆಸ್ಸು, ಕ್ಯಾಂಟೀನುಗಳು ಕೊಡುವ ಆಹಾರವನ್ನು ಅಲ್ಲೇ ಉಂಡರೂ ಹೊರಗೆ ಒಯ್ದರೂ ಅದು ಸೇವೆಯೇ. ಮೊದಲು ಶೇಕಡಾ 12 ಮತ್ತು 18 ಇದ್ದ ದರ, 2017ರ ನವೆಂಬರ್ 15ರಿಂದ ದೊಡ್ಡ ತಾರಾ ಹೋಟೆಲುಗಳಂಥವನ್ನು ಬಿಟ್ಟು ಉಳಿದೆಡೆ ಶೇಕಡಾ 5ಕ್ಕೆ ಇಳಿಯಿತು.

ಜಗಳ ಮುಗಿದರೂ ಗೋಡೆ ಉರುಳಲಿಲ್ಲ, ಸ್ಥಳ ಬದಲಿಸಿತು. ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಅಟ್ಟಿಗಟ್ಟಿ ಮಾರುವ ತಾಯಿಯದು ಸರಕು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳಿಗೆ ತೆರಿಗೆಯೇ ಇಲ್ಲ. ಅವನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವೂ ಇಲ್ಲ. ಅದೇ ರೊಟ್ಟಿಯ ಪಕ್ಕದಲ್ಲಿ ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ ಇಟ್ಟು ಖಾನಾವಳಿಯವರು ಬಡಿಸಿದರೆ ಅದು ಸೇವೆ. ಸರಕನ್ನಷ್ಟೇ ಮಾರುವ ಪೇಡೆಯ ಅಂಗಡಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ. ಖಾನಾವಳಿಗೆ ಮಿತಿ 20 ಲಕ್ಷ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಸುಮಾರು 5,480 ರೂಪಾಯಿ. ಊಟಕ್ಕೆ 100 ರೂಪಾಯಿ ಹಿಡಿದರೆ ದಿನಕ್ಕೆ 55 ಜನ ಉಂಡಾಗ ಮಿತಿ ದಾಟುತ್ತದೆ. ಕಿರಾಣಿ, ಗ್ಯಾಸು, ಕೆಲಸದವರ ಕೂಲಿ ಕಳೆದು ಉಳಿಯುವ ಗಳಿಕೆ ಎಷ್ಟೆಂದು ಕಾಯಿದೆ ಕೇಳುವುದಿಲ್ಲ. ಅದು ನೋಡುವುದು ವಹಿವಾಟನ್ನು ಮಾತ್ರ.

2025ರ ಜುಲೈನಲ್ಲಿ ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದಾಗ ಎಷ್ಟು ಜನ ತಲ್ಲಣಿಸಿದರೆಂಬುದು ನಿಮಗೆ ನೆನಪಿರಬಹುದು. ತಾನು ಮಾರುವುದು ಸರಕೋ ಸೇವೆಯೋ, ತೆರಿಗೆಯುಳ್ಳದ್ದೋ ಇಲ್ಲದ್ದೋ ಎಂಬ ತಿಳಿವಳಿಕೆ ಆಗ ವಿದ್ಯೆಯ ವಿಷಯವಾಗಿರಲಿಲ್ಲ, ಅನ್ನದ ವಿಷಯವಾಗಿತ್ತು.

ಇನ್ನೊಂದು ವೈಚಿತ್ರ್ಯವಿದೆ. 2022ರ ಜನವರಿ 1ರಿಂದ ಫೋನಿನ ಆ್ಯಪ್ ಮೂಲಕ ತರಿಸಿದ ಊಟದ ತೆರಿಗೆಯನ್ನು ಆ್ಯಪಿನ ಕಂಪನಿಯೇ ಗ್ರಾಹಕರಿಂದ ಪಡೆದು ಕಟ್ಟಬೇಕು. ಅಡುಗೆ ಮಾಡಿದವರು ನೋಂದಣಿಯಿಲ್ಲದ ಸಣ್ಣವರಾದರೂ ಸರಿಯೇ. ಆದ್ದರಿಂದ ಇಂಥ ಖಾನಾವಳಿಗೆ ನಡೆದುಹೋಗಿ ಉಂಡರೆ ತೆರಿಗೆಯಿಲ್ಲ. ಅದೇ ಊಟ ಆ್ಯಪಿನ ದಾರಿಯಲ್ಲಿ ಮನೆಗೆ ಬಂದರೆ ಶೇಕಡಾ 5 ಸೇರುತ್ತದೆ. ಉಂಡದ್ದು ಬೇರೆ, ತರಿಸಿದ್ದು ಬೇರೆ ಎಂಬ ಹಳೆಯ ಭೇದ ಹೀಗೆ ಹಿತ್ತಲ ಬಾಗಿಲಿನಿಂದ ಮರಳಿ ಬಂದಿದೆ.

ಉಣ್ಣುವವರು ತಿಳಿದಿರಬೇಕಾದ ಮಾತೂ ಒಂದುಂಟು. ನೋಂದಾಯಿಸಿದ ಹೋಟೆಲುಗಳಲ್ಲಿ ವಾರ್ಷಿಕ ವಹಿವಾಟು ಒಂದೂವರೆ ಕೋಟಿಯೊಳಗಿನವರು ‘ಕಾಂಪೊಸಿಷನ್’ ಎಂಬ ರಾಜಿ ಪದ್ಧತಿಗೆ ಸೇರಬಹುದು. ಅವರು ವಹಿವಾಟಿನ ಶೇಕಡಾ 5ನ್ನು ತಮ್ಮ ಕೈಯಿಂದ ಕಟ್ಟಬೇಕು. ಗ್ರಾಹಕರಿಂದ ಬೇರೆಯಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಪೇಡೆಯ ವ್ಯಾಪಾರಿಗೆ ಇದೇ ಪದ್ಧತಿಯಲ್ಲಿ ಶೇಕಡಾ 1 ಮಾತ್ರ. ಇಂಥವರು ತಾವು ಈ ಪದ್ಧತಿಯವರೆಂದು ಎದ್ದು ಕಾಣುವಂತೆ ಫಲಕ ಹಾಕಬೇಕು, ಬಿಲ್ಲಿನ ಮೇಲೂ ಬರೆಯಬೇಕು. ಬಿಲ್ಲಿನಲ್ಲಿ ತೆರಿಗೆಯ ಸಾಲು ಕಂಡರೆ ನೋಂದಣಿ ಸಂಖ್ಯೆಯನ್ನೂ ಈ ಬರೆಹವನ್ನೂ ನೋಡಿ. ಸಂಖ್ಯೆ ಇಲ್ಲದಿದ್ದರೆ, ಅಥವಾ ಈ ಬರೆಹ ಇದ್ದರೆ, ಆ ಸಾಲಿನ ಹಣ ಕೊಡಬೇಕಾದದ್ದಲ್ಲ.

ಬಡಿಸುವ ಕೈಗೆ ಮಾರುವ ಕೈಗಿಂತ ಮಿತಿ ಅರ್ಧ, ರಾಜಿ ತೆರಿಗೆ ಐದು ಪಟ್ಟು. ಅತಿಥಿಯನ್ನು ದೇವರೆಂದ ನಾಡಿನಲ್ಲಿ ಈ ಲೆಕ್ಕ ಮರುಪರಿಶೀಲನೆಗೆ ಯೋಗ್ಯವೆಂದು ನನ್ನ ನಮ್ರ ಅಭಿಪ್ರಾಯ. ಕನಿಷ್ಠಪಕ್ಷ ಖಾನಾವಳಿಯ ಮಿತಿಯನ್ನಾದರೂ ಪೇಡೆಯ ಅಂಗಡಿಯ ಮಿತಿಗೆ ಸರಿದೂಗಿಸಿದರೆ, 55ನೆಯವನಿಗೆ ಎಲೆ ಹಾಕಲು ಯಾವ ತಾಯಿಯೂ ಅಂಜಬೇಕಾಗುವುದಿಲ್ಲ.