ಶಿರಸ್ತ್ರಾಣದೊಳಗೆ ಬೀಸುವ ಗಾಳಿ

ಯಶವಂತಪುರವನ್ನು ಹಿಂದಿಕ್ಕಿ ತುಮಕೂರಿನ ಹೆದ್ದಾರಿಯಲ್ಲಿ ಸಾಗಿದರೆ ಎರಡೂ ಪಕ್ಕಗಳಿಗೆ ಹರಡಿಕೊಂಡಿರುವ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಮಾಡಿನ ಅಸಂಖ್ಯಾತ ಸಣ್ಣ ಕಾರ್ಖಾನೆಗಳೊಳಗೆ, ಲೋಹಕ್ಕೆ ಲೋಹವನ್ನು ಬೆಸೆಯುವ, ಬೆಸುಗೆಯ ಗಂಟನ್ನು ಉಜ್ಜಿ ಸಮಮಾಡುವ, ಎರಕ ಹೊಯ್ಯುವ, ಉಕ್ಕಿನ ಕಾಳುಗಳನ್ನು ಸಿಡಿಸಿ ತುಕ್ಕನ್ನು ಕಳೆಯುವ ಕೆಲಸಗಳು ಹಗಲಿರುಳೆನ್ನದೆ ನಡೆಯುತ್ತಿರುತ್ತವೆ. ಅಲ್ಲಿಂದ ಈಶಾನ್ಯಕ್ಕೆ, ಯಲಹಂಕದಲ್ಲಿ, 1984ರಲ್ಲಿ ಕಾರ್ಯಾರಂಭ ಮಾಡಿದ ರೈಲು ಗಾಲಿ ಕಾರ್ಖಾನೆಯು ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟಿನ ಅಚ್ಚುಗಳಿಗೆ ಒತ್ತಡದಿಂದ ತುಂಬಿ, ಭಾರತದ ರೈಲುಗಳಿಗೆ ಗಾಲಿಗಳನ್ನು ಎರೆಯುತ್ತದೆ. ಈ ಬಗೆಯ ಉದ್ಯೋಗಗಳೆಲ್ಲಕ್ಕೂ ಸಮಾನವಾದ ಒಂದು ಲಕ್ಷಣವೆಂದರೆ, ಬೆಂಕಿ, ಕಿಡಿ, ಧೂಳು, ಹೊಗೆಗಳಲ್ಲಿ ಯಾವುದಾದರೊಂದು ಮನುಷ್ಯನ ಮುಖಕ್ಕೆ ಅತಿ ಸಮೀಪದಲ್ಲಿರುತ್ತದೆ. ಆದುದರಿಂದಲೇ ಅವನ ತಲೆಯನ್ನೂ ಕಣ್ಣುಗಳನ್ನೂ ಶ್ವಾಸಕೋಶಗಳನ್ನೂ ಒಟ್ಟಿಗೆ ಕಾಯಬಲ್ಲ ಕವಚವೊಂದು ಬೇಕಾಯಿತು; ಮತ್ತು ಆ ಕವಚವನ್ನು ತೊಟ್ಟವನು ಉಸಿರು ಕಟ್ಟದೆ ಎಂಟು ಗಂಟೆಗಳ ಪಾಳಿಯನ್ನು ಕಳೆಯುವಂತಾಗಲು, ಅದರೊಳಗೇ ಗಾಳಿಯನ್ನು ಹರಿಸುವ, ಆ ಹರಿವನ್ನು ಹೆಚ್ಚುಕಡಮೆ ಮಾಡಿಕೊಳ್ಳುವ ಉಪಾಯವೂ ಬೇಕಾಯಿತು.

ಗಾಳಿ ಬೀಸುವ ಹೆಲ್ಮೆಟ್ ಎಂದೊಡನೆ ಅದೊಂದು ಸುಖಸಾಧನವೆಂದು ಭಾವಿಸುವವರು ಬಹುಮಂದಿ ಇದ್ದಾರೆ. ಆ ಭಾವನೆ ತಪ್ಪೆಂಬುದನ್ನು ಸುಲಭವಾದ ಒಂದು ಲೆಕ್ಕದಿಂದ ತೋರಿಸಬಹುದು. ಹೊರಗಿನ ಧೂಳನ್ನು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಬಲ್ಲ ಉಸಿರುರಕ್ಷೆಯೊಂದನ್ನು ಕೆಲಸಗಾರನಿಗೆ ಕೊಟ್ಟೆವೆನ್ನೋಣ. ಬೆವರಿನಿಂದಲೋ ಉಸಿರುಗಟ್ಟುವ ಸಂಕಟದಿಂದಲೋ ಅವನು ಅದನ್ನು ಪಾಳಿಯ ಎಂಟು ಗಂಟೆಗಳಲ್ಲಿ ಕೇವಲ ಅರ್ಧ ಗಂಟೆ, ಅದೂ ಐದೈದು ನಿಮಿಷಗಳಂತೆ ಬಿಡಿಬಿಡಿಯಾಗಿ, ಕೆಲಸದ ಜಾಗದಲ್ಲೇ ತೆಗೆದಿಟ್ಟನೆನ್ನೋಣ. ಆ ಅರ್ಧ ಗಂಟೆ ಪಾಳಿಯ ಹದಿನಾರನೆಯ ಒಂದು ಭಾಗ. ಅಷ್ಟು ಹೊತ್ತು ಪೂರ್ಣ ಪ್ರಮಾಣದ ಧೂಳು, ಉಳಿದ ಏಳೂವರೆ ಗಂಟೆ ಇಪ್ಪತ್ತೈದರ ಒಂದು ಪಾಲು. ಎರಡನ್ನೂ ಕೂಡಿಸಿದರೆ ದಿನದ ಮೊತ್ತವು ಹೊರಗಿನ ಧೂಳಿನ ಸರಿಯಾಗಿ ಹತ್ತನೆಯ ಒಂದು ಪಾಲಾಗುತ್ತದೆ. ಇಪ್ಪತ್ತೈದು ಪಟ್ಟು ರಕ್ಷಣೆ ಹತ್ತು ಪಟ್ಟಿಗೆ ಇಳಿದುಹೋಯಿತು! ಅತ್ಯುತ್ತಮವಾದ ಕವಚವು ಕೂಡ ತಲೆಯ ಮೇಲೆ ನಿಲ್ಲದಿದ್ದರೆ ಸಾಧಾರಣ ಕವಚಕ್ಕೆ ಸಮನಾಗುತ್ತದೆ. ಕೆಲಸಗಾರನು ಕವಚವನ್ನು ತೆಗೆಯುವುದು ಅಶಿಸ್ತಿನಿಂದಲ್ಲ. ಅವನು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡ ನಾಲ್ಕರಷ್ಟಿದ್ದು, ಹೊರಗಿನ ಗಾಳಿಯಲ್ಲಿರುವುದರ ಸುಮಾರು ನೂರು ಪಟ್ಟಾಗುತ್ತದೆ. ಆ ಉಸಿರು ತೇವದಿಂದ ತುಂಬಿ, ಮೈಯ ಶಾಖದಿಂದ ಬಿಸಿಯಾಗಿಯೂ ಇರುತ್ತದೆ. ಇದೆಲ್ಲವೂ ಮುಖದ ಮುಂದೆಯೇ ಸುತ್ತುತ್ತಿದ್ದರೆ ಯಾವ ಮನುಷ್ಯನೂ ತಾಳಲಾರನು.

ಈ ಕಷ್ಟವನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದ ಗಣಿ ಸುರಕ್ಷತಾ ಸಂಶೋಧನ ಸಂಸ್ಥೆಯವರು ಮುಖ್ಯರು. 1970ರ ದಶಕದಲ್ಲಿ ಅವರು ರೂಪಿಸಿದ ‘ಏರ್‌ಸ್ಟ್ರೀಮ್’ ಹೆಲ್ಮೆಟ್ಟಿನಲ್ಲಿ ಪುಟ್ಟ ಪಂಖವೂ ಶೋಧಕಗಳೂ ಶಿರಸ್ತ್ರಾಣದ ಒಳಗೇ ಅಡಗಿದ್ದವು. ಬ್ಯಾಟರಿ ಮಾತ್ರ ಸೊಂಟದಲ್ಲಿತ್ತು. ಹಿಂದಿನಿಂದ ಸೆಳೆದ ಧೂಳುಗಾಳಿ ಶುದ್ಧವಾಗಿ, ನೆತ್ತಿಯ ಮೇಲೆ ಹಾದು, ಪಾರದರ್ಶಕವಾದ ಮುಖಫಲಕದ ಹಿಂಬದಿಗೆ ತೆರೆಯಂತೆ ಇಳಿದು, ಗಲ್ಲದ ಕೆಳಗಿನಿಂದ ಹೊರಬೀಳುತ್ತಿತ್ತು. ಗಣಿಯಲ್ಲಿ ಬಲವಾದ ಗಾಳಿ ಅಡ್ಡಲಾಗಿ ಬೀಸಿದಾಗ ಧೂಳು ಪಕ್ಕದಿಂದ ನುಸುಳುತ್ತದೆಂಬ ದೋಷವೂ ಬಳಕೆಯಲ್ಲಿ ತಿಳಿದುಬಂತು. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವ ತನಕ, ಭೂಮಿಯ ಮೂರು ಕಿಲೋಮೀಟರಿಗೂ ಮಿಗಿಲಾದ ಆಳದ ಉರಿಯಲ್ಲಿ ಕಲ್ಲನ್ನು ಕೊರೆದು, ಸಿಲಿಕಾ ಧೂಳಿನಿಂದ ಶ್ವಾಸಕೋಶಗಳನ್ನು ಕಳೆದುಕೊಂಡ ತಲೆಮಾರುಗಳನ್ನು ನೆನೆದಾಗ, ಈ ಯಂತ್ರ ಇನ್ನೂ ಅರ್ಧ ಶತಮಾನ ಮೊದಲೇ ಹುಟ್ಟಿರಬಾರದಿತ್ತೆ ಎಂದು ನನ್ನ ಮನಸ್ಸು ಮರುಗುತ್ತದೆ.

ಈಗ ಬಳಕೆಯಲ್ಲಿರುವ ಯಂತ್ರಗಳಲ್ಲಿ ಪಂಖ, ಶೋಧಕ, ಬ್ಯಾಟರಿ ಮೂರೂ ಹೆಚ್ಚಾಗಿ ಸೊಂಟದ ಪಟ್ಟಿಗೆ ಇಳಿದಿವೆ. ಅಲ್ಲಿಂದ ಬೆನ್ನಿನ ಮೇಲೆ ಹಾಯುವ ಸುರುಳಿ ಕೊಳವೆಯು ಗಾಳಿಯನ್ನು ಹೆಲ್ಮೆಟ್ಟಿಗೆ ಒಯ್ಯುತ್ತದೆ. ಕತ್ತಿಗೆ ಭಾರ ಕಡಮೆ. ಅದೂ ಅಲ್ಲದೆ, ಬೆಸುಗೆಯ ಹೊಗೆ ಮುಖದ ಮುಂದೆ ಮೇಲೇರುವುದರಿಂದ, ಬೆನ್ನಹಿಂದಿನ ಗಾಳಿ ಸಾಮಾನ್ಯವಾಗಿ ಅದಕ್ಕಿಂತ ಶುದ್ಧವಾಗಿರುತ್ತದೆ. ಶೋಧಕವು ಜರಡಿಯ ಹಾಗೆ ಕೆಲಸ ಮಾಡುತ್ತದೆಂಬ ಕಲ್ಪನೆ ಸಾಮಾನ್ಯವಾದರೂ ಸರಿಯಲ್ಲ. ಅತಿಸೂಕ್ಷ್ಮ ಎಳೆಗಳ ದಟ್ಟವಾದ ಹೆಣಿಗೆಯಲ್ಲಿ, ದೊಡ್ಡ ಕಣಗಳು ಗಾಳಿಯೊಡನೆ ತಿರುವನ್ನು ಹಾಯಲಾರದೆ ನೇರವಾಗಿ ನುಗ್ಗಿ ಎಳೆಗೆ ಬಡಿದು ಅಂಟುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ತಾಡನದಿಂದ ಅತ್ತಿತ್ತ ಅಲೆದು, ಯಾವುದಾದರೊಂದು ಎಳೆಗೆ ತಾಗಿ ಸಿಕ್ಕಿಬೀಳುತ್ತವೆ. ಇವೆರಡಕ್ಕೂ ಸುಲಭವಾಗಿ ಸಿಲುಕದೆ ಜಾರಿಕೊಳ್ಳುವುದು ನಡುಗಾತ್ರದ, ಎಂದರೆ ಸುಮಾರು 0.3 ಮೈಕ್ರಾನಿನ ಕಣ. ಆ ಕಾರಣದಿಂದಲೇ ಉತ್ತಮ ದರ್ಜೆಯ ಶೋಧಕಗಳನ್ನು ಆ ಗಾತ್ರದ ಕಣಗಳಿಂದಲೇ ಪರೀಕ್ಷಿಸಿ, ಅವುಗಳಲ್ಲಿ ಶೇಕಡ 99.97ನ್ನು ತಡೆದರೆ ಮಾತ್ರ ಒಪ್ಪುತ್ತಾರೆ. ಬೆಸುಗೆಯ ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತಲೂ ಸಣ್ಣವು. ಆ ಹೊಗೆಯನ್ನು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2017ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ಪದಾರ್ಥಗಳ ಪ್ರಥಮ ವರ್ಗಕ್ಕೆ ಸೇರಿಸಿತು. ಬಾಯಿಗೆ ಕಟ್ಟಿಕೊಂಡ ಕರ್ಚೀಫು ಇಂಥ ಕಣಗಳ ಮುಂದೆ ಯಾವ ಲೆಕ್ಕಕ್ಕೂ ಇಲ್ಲ.

ಎಷ್ಟು ಗಾಳಿ ಬೇಕು ಎಂಬ ಪ್ರಶ್ನೆ ಈ ವಿಷಯದ ಹೃದಯವೆಂದೇ ಹೇಳಬೇಕು. ಕುಳಿತಿರುವ ಮನುಷ್ಯನು ನಿಮಿಷಕ್ಕೆ ಆರೆಂಟು ಲೀಟರು ಗಾಳಿಯನ್ನು ಸೇವಿಸಿದರೆ, ಮೈಮುರಿದು ದುಡಿಯುವವನು ನಲವತ್ತು ಲೀಟರನ್ನೂ ಮೀರಬಲ್ಲನು. ಹಾಗಿದ್ದರೆ ಐವತ್ತು ಲೀಟರು ಕೊಟ್ಟರೆ ಸಾಕಲ್ಲವೆ? ಸಾಲದು. ಉಸಿರು ಸಮವಾಗಿ ಹರಿಯುವ ತೊರೆಯಲ್ಲ. ನಿಮಿಷದ ಅರ್ಧಭಾಗ ಮಾತ್ರ ನಾವು ಒಳಗೆಳೆದುಕೊಳ್ಳುತ್ತೇವೆ, ಆ ಎಳೆತವೂ ಏರಿ ಇಳಿಯುತ್ತದೆ. ಲೆಕ್ಕ ಹಾಕಿದರೆ, ಸೆಳೆತವು ಪರಾಕಾಷ್ಠೆಯನ್ನು ಮುಟ್ಟಿದ ಕ್ಷಣದಲ್ಲಿ ಗಾಳಿಯ ವೇಗ ಸರಾಸರಿಯ ಮೂರು ಪಟ್ಟಿಗೂ ತುಸು ಹೆಚ್ಚು. ನಲವತ್ತು ಲೀಟರಿನ ಉಸಿರಿಗೆ ಆ ಕ್ಷಣದ ಹಸಿವು ನಿಮಿಷಕ್ಕೆ 125 ಲೀಟರಿನ ದರದ್ದು. ಪಂಖವು ಅದಕ್ಕಿಂತ ಕಡಮೆ ಕೊಟ್ಟರೆ ಹೆಲ್ಮೆಟ್ಟಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕುಸಿದು, ಗಲ್ಲದ ಅಂಚಿನಿಂದ ಧೂಳು ಒಳಗೆ ಸೇರುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ, ಉಕ್ಕುವ ಒರತೆಯ ಬಾಯಿಗೆ ದಡದ ಕಸ ಸೇರಲಾರದಂತೆ, ಸಂದುಗಳಿದ್ದರೂ ಅವುಗಳಲ್ಲಿ ಗಾಳಿ ಹೊರಕ್ಕೆ ಮಾತ್ರ ಹರಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಮುಖಕ್ಕೆ ಬಿಗಿಯಾಗಿ ಕೂರುವ ಬಗೆಗೆ ನಿಮಿಷಕ್ಕೆ 115 ಲೀಟರನ್ನೂ, ಸಡಿಲವಾದ ಹೆಲ್ಮೆಟ್ಟಿಗೆ 170 ಲೀಟರನ್ನೂ ಕನಿಷ್ಠವೆಂದು ಗೊತ್ತುಮಾಡಿರುವುದರ ಅರ್ಥ ಇಲ್ಲಿದೆ. ಸಡಿಲವಾದುದರಲ್ಲಿ ಇನ್ನೊಂದು ಉಪಕಾರವೂ ಉಂಟು: ಗಡ್ಡ ಬಿಟ್ಟವರೂ ಕನ್ನಡಕದವರೂ ಅದನ್ನು ನಿರಾತಂಕವಾಗಿ ತೊಡಬಹುದು, ಬಿಗಿಯಾದ ಮುಖವಾಡವಾದರೋ ಎರಡು ದಿನದ ಗಡ್ಡಕ್ಕೇ ಸೋರತೊಡಗುತ್ತದೆ.

ಹರಿವನ್ನು ಹೊಂದಿಸುವ ಗುಂಡಿಯ ಮರ್ಮವೂ ಇದರಿಂದಲೇ ತಿಳಿಯುತ್ತದೆ. ಒಳ್ಳೆಯ ಯಂತ್ರದಲ್ಲಿ ಅತ್ಯಂತ ಕೆಳಗಿನ ವೇಗವೂ ಆ ಕನಿಷ್ಠ ಮಿತಿಯ ಮೇಲೆಯೇ ನಿಲ್ಲುತ್ತದೆ. ಕೆಲಸಗಾರನಿಗೆ ಬಿಟ್ಟುಕೊಟ್ಟಿರುವ ಸ್ವಾತಂತ್ರ್ಯವು ಅದರಿಂದ ಮೇಲಕ್ಕೆ ಏರಿಸುವುದು ಮಾತ್ರ: ಏಪ್ರಿಲಿನ ಮಧ್ಯಾಹ್ನದಲ್ಲಿ ಬೆವರು ಆರಲು ಹೆಚ್ಚಿಸಬಹುದು, ಡಿಸೆಂಬರಿನ ಮುಂಜಾವಿನಲ್ಲಿ ಕಣ್ಣು ಒಣಗದಂತೆ ಇಳಿಸಬಹುದು. ಶೋಧಕವು ಧೂಳಿನಿಂದ ಕಟ್ಟಿಕೊಳ್ಳುತ್ತ ಬಂದಂತೆ ಮೋಟಾರು ತಾನಾಗಿಯೇ ವೇಗವನ್ನು ಹೆಚ್ಚಿಸಿಕೊಂಡು ಹರಿವನ್ನು ಸಮನಾಗಿಡುತ್ತದೆ. ಅದೂ ಸಾಧ್ಯವಾಗದೆ ಹೋದಾಗ ಸದ್ದುಮಾಡಿ, ಕಂಪಿಸಿ, ಎಚ್ಚರಿಸುತ್ತದೆ. ಯಾವಾಗಲೂ ಗರಿಷ್ಠ ವೇಗದಲ್ಲಿಟ್ಟರೆ ಬ್ಯಾಟರಿ ಪಾಳಿ ಮುಗಿಯುವ ಮುನ್ನವೇ ಬರಿದಾಗುವುದೂ ಶೋಧಕ ಬೇಗ ಸವೆಯುವುದೂ ಸಹಜವೇ.

ಬೆಂಗಳೂರಿನವರು ಗಮನಿಸತಕ್ಕ ವಿಶೇಷವೊಂದಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುವಿನ ಒತ್ತಡ ಕರಾವಳಿಯದಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆ. ಕೆಲಸಕ್ಕೆ ಮುಂಚೆ ಹರಿವನ್ನು ಅಳೆಯಲೆಂದು ಕೊಡುವ ಗಾಜಿನಂಥ ಕೊಳವೆಯಲ್ಲಿ ಪುಟ್ಟ ಗುಂಡೊಂದು ಗಾಳಿಯ ಬಲದಿಂದ ಮೇಲೇರುತ್ತದೆ. ತೆಳುವಾದ ಗಾಳಿ ಅದನ್ನು ಅಷ್ಟು ಎತ್ತರಕ್ಕೆ ಎತ್ತಲಾರದು. ಆದಕಾರಣ ಕೆಲವು ಕೊಳವೆಗಳ ಮೇಲೆ ಊರಿನ ಎತ್ತರಕ್ಕೆ ಅನುಗುಣವಾದ ಬೇರೆ ಬೇರೆ ಗುರುತುಗಳಿರುತ್ತವೆ. ಮಂಗಳೂರಿಗೆ ಸಲ್ಲುವ ಗುರುತನ್ನು ಯಲಹಂಕದಲ್ಲಿ ನೋಡಿದರೆ ಸರಿಯಾಗಿರುವ ಯಂತ್ರವೂ ದೋಷವುಳ್ಳದ್ದೆಂದು ತೋರೀತು.

ಉಕ್ಕಿನ ಕಾಳು ಸಿಡಿಸುವ ಕೋಣೆಗಳಲ್ಲಿ ಬ್ಯಾಟರಿಯ ಪಂಖ ಸಾಲದೆ, ದೂರದ ಕಂಪ್ರೆಸರಿನಿಂದ ಹೋಸಿನ ಮೂಲಕ ಗಾಳಿ ತರುತ್ತಾರೆ. ಆ ಗಾಳಿಯನ್ನು ತಣಿಸುವ ಸಾಧನ ನನ್ನನ್ನು ಸದಾ ವಿಸ್ಮಯಗೊಳಿಸಿದೆ. ಫ್ರಾನ್ಸಿನ ಜಾರ್ಜ್ ರಾಂಕ್ ಎಂಬಾತನು 1930ರ ದಶಕದ ಆರಂಭದಲ್ಲಿ ಕಂಡುಹಿಡಿದು, ಜರ್ಮನಿಯ ರುಡಾಲ್ಫ್ ಹಿಲ್ಶ್ 1947ರಲ್ಲಿ ಪ್ರಕಟಿಸಿದ ಲೇಖನದಿಂದ ಪ್ರಸಿದ್ಧಿಗೆ ಬಂದ ಈ ಸುಳಿಕೊಳವೆಯಲ್ಲಿ ಚಲಿಸುವ ಭಾಗ ಒಂದೂ ಇಲ್ಲ, ಶೀತದ್ರವವಿಲ್ಲ, ವಿದ್ಯುತ್ತಿಲ್ಲ. ಒತ್ತಿದ ಗಾಳಿಯನ್ನು ಕೊಳವೆಯ ಅಂಚಿಗೆ ಸ್ಪರ್ಶರೇಖೆಯಲ್ಲಿ ನುಗ್ಗಿಸಿದರೆ ಅದು ಅತಿವೇಗದ ಸುಳಿಯಾಗಿ ಸುತ್ತುತ್ತದೆ. ಹೊರಸುತ್ತಿನ ಗಾಳಿ ಬಿಸಿಯಾಗಿ ಒಂದು ತುದಿಯಿಂದಲೂ, ಒಳಸುತ್ತಿನ ಗಾಳಿ ತನ್ನ ಶಕ್ತಿಯನ್ನು ಹೊರಸುತ್ತಿಗೆ ಒಪ್ಪಿಸಿ ತಣ್ಣಗಾಗಿ ಇನ್ನೊಂದು ತುದಿಯಿಂದಲೂ ಹೊರಬರುತ್ತವೆ. ಬಿಸಿ ತುದಿಯ ತಿರುಪನ್ನು ತಿರುಗಿಸಿ ತಂಪಿನ ಪ್ರಮಾಣವನ್ನು ಕೆಲಸಗಾರನು ಸೊಂಟದಲ್ಲಿಯೇ ಹೊಂದಿಸಿಕೊಳ್ಳಬಹುದು. ಆದರೆ ಕಂಪ್ರೆಸರಿನ ಎಣ್ಣೆಯ ಆವಿಯೂ ಇಂಗಾಲದ ಮಾನಾಕ್ಸೈಡೂ ಆ ಹೋಸಿನಲ್ಲಿ ಬಾರದಂತೆ ಶೋಧಿಸುವುದು ಅತ್ಯವಶ್ಯ. ಟೈರಿಗೆ ತುಂಬುವ ಗಾಳಿ ಉಸಿರಿಗೆ ಯೋಗ್ಯವಾದ ಗಾಳಿಯಲ್ಲ.

ಬೀದಿಯ ಸವಾರರ ಹೆಲ್ಮೆಟ್ಟುಗಳ ಮಾತನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅವುಗಳ ರಂಧ್ರಗಳು ಬೈಕು ಓಡುವಾಗ ಗಾಳಿಯನ್ನು ಕುಡಿಯುತ್ತವೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳು ನಿಂತಾಗ ಅದೂ ನಿಲ್ಲುತ್ತದೆ. ಬೆಂಗಳೂರಿನದೇ ಆದ ಬ್ಲೂಆರ್ಮರ್ ಎಂಬ ಸಂಸ್ಥೆಯು ಇದಕ್ಕೆ ಪರಿಹಾರವಾಗಿ, ಹೆಲ್ಮೆಟ್ಟಿನ ಗಲ್ಲದ ಭಾಗಕ್ಕೆ ಹೊರಗಿನಿಂದ ಬಿಗಿಯುವ, ನೀರಿನಲ್ಲಿ ತೊಯ್ದ ಶೋಧಕದ ಮೂಲಕ ಪಂಖದಿಂದ ಗಾಳಿಯನ್ನು ಒಳಕ್ಕೆ ಕಳಿಸುವ ಸಾಧನವನ್ನು ತಯಾರಿಸಿತು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆಂಬ ತತ್ತ್ವವೇ ಇದರ ಬಲ. ಆದುದರಿಂದ ಮಾರ್ಚಿ-ಏಪ್ರಿಲಿನ ಒಣಹವೆಯಲ್ಲಿ ಕೊಡುವ ತಂಪನ್ನು ಇಂಥ ಸಾಧನ ಮಳೆಗಾಲದ ತೇವದಲ್ಲಿ ಕೊಡಲಾರದು. ಗಾಳಿಗಾಗಿ ಹೆಲ್ಮೆಟ್ಟಿನ ಚಿಪ್ಪಿಗೇ ತೂತು ಕೊರೆಯುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಪೆಟ್ಟನ್ನು ಹಂಚಿ ತಾಳುವ ಅದರ ಗುಣವೇ ಅಲ್ಲಿಗೆ ಕೆಡುತ್ತದೆ.

ಕಾರ್ಖಾನೆಯ ಹೆಲ್ಮೆಟ್ಟಿಗೆ ಮರಳಿದರೆ, ಅದರ ಬೆಲೆ ಹತ್ತಾರು ಸಾವಿರ ರೂಪಾಯಿಗಳಾಗುವುದರಿಂದ ಸಣ್ಣ ಯಜಮಾನರು ಹಿಂಜರಿಯುವುದು ಅರ್ಥವಾಗುತ್ತದೆ. 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಪ್ರಕರಣವು ಧೂಳು ಹೊಗೆಗಳನ್ನು ಹುಟ್ಟಿದ ಜಾಗದ ಸಮೀಪದಲ್ಲೇ ಹೀರಿ ತೆಗೆಯಬೇಕೆಂದು ವಿಧಿಸಿತ್ತು. ಮೊದಲು ಮಾಡಬೇಕಾದುದು ಅದನ್ನೇ, ಹೆಲ್ಮೆಟ್ಟು ಅನಂತರದ್ದು. ಕೊಂಡ ಮೇಲೂ ಅದನ್ನು ಕೆಡಿಸುವ ಅಭ್ಯಾಸಗಳುಂಟು. ಕಟ್ಟಿಕೊಂಡ ಶೋಧಕವನ್ನು ಕಂಪ್ರೆಸರಿನ ಗಾಳಿಯಿಂದ ಊದಿ ಮತ್ತೆ ತೊಡಿಸುವುದು ಅವುಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು: ಊದಿದ ರಭಸಕ್ಕೆ ಹೆಣಿಗೆ ಹರಿದುಹೋಗುತ್ತದೆ, ಹರಿವು ಹೆಚ್ಚಾದುದರಿಂದ ಎಚ್ಚರಿಕೆಯ ಗಂಟೆಯೂ ಸುಮ್ಮನಾಗುತ್ತದೆ, ಧೂಳು ಮಾತ್ರ ಸಲೀಸಾಗಿ ಒಳಗೆ ಹೋಗುತ್ತದೆ. ಗ್ರೈಂಡಿಂಗಿನ ಕಿಡಿ ತಾಗಿ ಶೋಧಕ ಸುಡದಂತೆ ಮುಂದೆ ಇಟ್ಟಿರುವ ಲೋಹದ ಬಲೆಯನ್ನು ತೆಗೆದು ಬಿಸುಡುವುದೂ ಅಷ್ಟೇ ಅಪಾಯಕರ.

ಪೀಣ್ಯ, ಯಶವಂತಪುರಗಳ ಕಾರ್ಖಾನೆಗಳ ಒಡೆಯರಲ್ಲಿ ನನ್ನ ಬಿನ್ನಹವಿಷ್ಟು. ಹೆಲ್ಮೆಟ್ಟನ್ನು ಕೊಳ್ಳುವ ಮೊದಲು ಅದನ್ನು ತೊಡಬೇಕಾದವನ ಕೈಗೇ ಕೊಟ್ಟು ಒಂದು ಪೂರ್ಣ ಪಾಳಿ ದುಡಿಯಲು ಬಿಡಿ; ಕನಿಷ್ಠ ವೇಗದಲ್ಲಿ ಎಷ್ಟು ಲೀಟರು ಬರುತ್ತದೆಂದು ಮಾರುವವನನ್ನು ಕೇಳಿ; ಯಂತ್ರದ ಜೊತೆಗೆ ವರ್ಷಕ್ಕಾಗುವಷ್ಟು ಶೋಧಕಗಳನ್ನೂ ಕೊಳ್ಳಿ. ದೇವನಹಳ್ಳಿಯ ಕಡೆ ಕನ್ನಮಂಗಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿರುವುದನ್ನೂ ನೆನಪಿಡಿ. ಕೊನೆಗೆ, ಯಾವ ಕಾರಣಕ್ಕೂ ಈ ಹೆಲ್ಮೆಟ್ಟನ್ನು ತೊಡಿಸಿ ಯಾರನ್ನೂ ಮ್ಯಾನ್‌ಹೋಲಿಗಾಗಲಿ ಮುಚ್ಚಿದ ತೊಟ್ಟಿಗಾಗಲಿ ಇಳಿಸಬೇಡಿ: ಅದು ಇರುವ ಗಾಳಿಯ ಧೂಳನ್ನು ಸೋಸುತ್ತದೆಯೇ ಹೊರತು, ಇಲ್ಲದ ಆಮ್ಲಜನಕವನ್ನು ಸೃಷ್ಟಿಸುವುದಿಲ್ಲ.